ಎಲ್ವಿಯ ಕಡತ ತೆರೆದವರು

ಸೆಪ್ಟೆಂಬರಿನ ಎರಡನೇ ಗುರುವಾರ ದ್ವೀಪದ ಹಳ್ಳಿ ರನ್ನಮೆಟ್ಸದ ಎಲ್ವಿ ಲೈಬ್ರರಿಗೆ ಹೋದದ್ದು ರಕ್ತದೊತ್ತಡದ ಮಾತ್ರೆಯ ಸಲುವಾಗಿ. ಡಬ್ಬಿಯಲ್ಲಿ ಆರೇ ಮಾತ್ರೆ ಉಳಿದಿದ್ದವು. ಮೊದಲಾಗಿದ್ದರೆ ಬೆಳಗಿನ ಬಸ್ಸಿಗೆ ಪಟ್ಟಣಕ್ಕೆ ಹೋಗಿ, ಡಾಕ್ಟರ ಬಾಗಿಲಲ್ಲಿ ಅರ್ಧ ದಿನ ಕೂತು, ಚೀಟಿ ಬರೆಸಿಕೊಂಡು, ಸಂಜೆಯ ಬಸ್ಸಿಗೆ ಕಾದು ಬರಬೇಕಿತ್ತು. ಈಗ ಲೈಬ್ರರಿಯ ಕಂಪ್ಯೂಟರಿಗೆ ಗುರುತಿನ ಕಾರ್ಡು ತೂರಿಸಿ, ನಾಲ್ಕು ಅಂಕಿ ಒತ್ತಿ, ಡಾಕ್ಟರಿಗೆ ಒಂದು ಸಾಲು ಕಳಿಸಿದರೆ ಸಾಕು. ಸಂಜೆಯೊಳಗೆ ಯಾವ ಔಷಧಿ ಅಂಗಡಿಯಲ್ಲಿ ಕಾರ್ಡು ತೋರಿಸಿದರೂ ಮಾತ್ರೆ ಕೈಗೆ ಬರುತ್ತಿತ್ತು.

ಎಲ್ವಿಗೆ ಎಪ್ಪತ್ತೆಂಟು ವರ್ಷ. ಏಳನೇ ತರಗತಿಗೆ ಶಾಲೆ ಬಿಟ್ಟು ಮೀನು ಡಬ್ಬಿಗೆ ತುಂಬುವ ಕಾರ್ಖಾನೆ ಸೇರಿದವಳು, ಮೂವತ್ತಾರು ವರ್ಷ ಅಲ್ಲೇ ಕೈ ಒದ್ದೆ ಮಾಡಿಕೊಂಡು ನಿಂತಿದ್ದವಳು. ಅವಳಿಗೆ ಈ ಯಂತ್ರದ ಮೇಲೆ ನಂಬಿಕೆ ಬಂದದ್ದಕ್ಕೆ ಕಾರಣವಿತ್ತು. ತೊಂಬತ್ತಾರರಲ್ಲಿ ಗಂಡ ಕಾಲ್ಯು ತೀರಿಕೊಂಡಾಗ, ಅವನು ಸತ್ತಿದ್ದಾನೆ ಎಂದು ಅವಳು ನಾಲ್ಕು ಕಿಟಕಿಗಳ ಮುಂದೆ ನಿಂತು ನಾಲ್ಕು ಸಲ ಹೇಳಬೇಕಾಯಿತು. ಪಿಂಚಣಿಯವರಿಗೊಂದು ಸಲ, ಜಮೀನಿನವರಿಗೊಂದು ಸಲ, ದೋಣಿಯ ಪರವಾನಗಿಯವರಿಗೊಂದು ಸಲ, ಚುನಾವಣೆಯ ಪಟ್ಟಿಯವರಿಗೊಂದು ಸಲ. ಮೂರನೇ ಕಿಟಕಿಯ ಹೆಂಗಸು ತಲೆ ಎತ್ತದೆ, ಸತ್ತವರೇ ಬಂದು ಸಹಿ ಹಾಕಬೇಕು ಎಂದಿದ್ದಳು. ಅದೇ ಹೋದ ಚಳಿಗಾಲ ಮೈದುನ ಹೋದಾಗ ಡಾಕ್ಟರು ಒಂದು ಕಡೆ ಬರೆದರು, ಎಲ್ಲ ಕಚೇರಿಗಳಿಗೂ ತಾನಾಗಿ ತಿಳಿಯಿತು. ಮನೆಯವರು ಅಳುವುದಕ್ಕೆ ಪುರುಸೊತ್ತು ಸಿಕ್ಕಿತು. ಒಂದು ಸಲ ಹೇಳಿದ್ದನ್ನು ಸರ್ಕಾರ ಎರಡನೇ ಸಲ ಕೇಳಕೂಡದು ಎಂಬ ಕಾನೂನು ಇದೆಯಂತೆ. ಇಂಥ ಕಾನೂನು ಬರೆದವನ ಮನೆಯಲ್ಲಿ ಯಾರೋ ಸತ್ತಿರಬೇಕು ಎಂದು ಎಲ್ವಿ ಅಂದುಕೊಂಡಿದ್ದಳು.

ಲೈಬ್ರರಿ ನೋಡಿಕೊಳ್ಳುವ ಮಾಲ್ಲೆ ಐವತ್ತರ ಹೆಂಗಸು. ಊರಿನ ಮುದುಕ ಮುದುಕಿಯರಿಗೆಲ್ಲ ಕಂಪ್ಯೂಟರ್ ಕಲಿಸಿದವಳು ಅವಳೇ. ಆದರೆ ಅಂಕಿ ಒತ್ತುವ ಹೊತ್ತಿಗೆ ಯಾರ ಹತ್ತಿರವೂ ನಿಲ್ಲುತ್ತಿರಲಿಲ್ಲ. ಕಿಟಕಿಯ ಕಡೆ ತಿರುಗಿ ಹೂಕುಂಡದ ಒಣ ಎಲೆ ಕೀಳುತ್ತಿದ್ದಳು. ಅವತ್ತು ಮಾತ್ರೆಯ ಕೆಲಸ ಮುಗಿದ ಮೇಲೆ ಅವಳೇ ಹೇಳಿದಳು, ನಿಮ್ಮ ಕಾಯಿಲೆ ಕಸಾಲೆಯ ಕಡತವನ್ನು ಯಾರು ಯಾರು ತೆರೆದು ನೋಡಿದ್ದಾರೆ ಅಂತಲೂ ಇಲ್ಲಿ ಕಾಣುತ್ತದೆ, ಒಂದು ಸಲ ನೋಡಿಕೊಳ್ಳಿ ಎಂದು. ಎಲ್ವಿ ನಕ್ಕಳು. ತನ್ನ ರಕ್ತದೊತ್ತಡ ನೋಡಿ ಯಾರಿಗೆ ಏನಾಗಬೇಕು ಎಂದಳು. ಆದರೂ ಒತ್ತಿದಳು.

ಡಾಕ್ಟರ ಹೆಸರು ಮೂರು ಸಾಲು, ಔಷಧಿ ಅಂಗಡಿಯ ಹೆಸರು ನಾಲ್ಕು ಸಾಲು. ಅವುಗಳ ನಡುನಡುವೆ ಬೇರೊಂದು ಬಗೆಯ ಸಾಲು. 'ಆರೋಗ್ಯ ಕೇಂದ್ರ, ಪರಿಶೀಲನೆ' ಎಂದಷ್ಟೇ ಇತ್ತು, ಮನುಷ್ಯರ ಹೆಸರಿರಲಿಲ್ಲ. ಪಕ್ಕದಲ್ಲಿ ತಾರೀಕು, ಗಂಟೆ, ನಿಮಿಷ. ಎಲ್ವಿ ಬೆರಳಿಟ್ಟು ಎಣಿಸಿದಳು. ಹನ್ನೊಂದು. ಏಪ್ರಿಲ್‌ನಿಂದ ಇಲ್ಲಿಯವರೆಗೆ ಯಾರೋ ಹನ್ನೊಂದು ಸಲ ಅವಳ ಕಡತ ತೆರೆದಿದ್ದರು. ಆ ಕೇಂದ್ರಕ್ಕೆ ಅವಳು ಹೋದದ್ದು ಒಂದೇ ಒಂದು ಸಲ, ಏಪ್ರಿಲ್ ಒಂಬತ್ತಕ್ಕೆ.

ಹೋದದ್ದು ಯಾಕೆ ಎಂದು ಅವಳು ಯಾರಿಗೂ ಹೇಳಿರಲಿಲ್ಲ. ಎಡ ಎದೆಯಲ್ಲಿ ಬಟಾಣಿ ಕಾಳಿನಷ್ಟು ಗಂಟು ಕೈಗೆ ಸಿಕ್ಕಿತ್ತು. ಡಾಕ್ಟರು ಮುಟ್ಟಿ ನೋಡಿ, ದೊಡ್ಡೂರಿನ ಆಸ್ಪತ್ರೆಗೆ ಹಡಗಿನಲ್ಲಿ ಹೋಗಿ ಎಕ್ಸ್‌ರೇ ಚಿತ್ರ ತೆಗೆಸಬೇಕು ಎಂದು ದಿನ ಗೊತ್ತು ಮಾಡಿಕೊಟ್ಟಿದ್ದರು. ಮೇ ತಿಂಗಳಲ್ಲಿ ಒಂದು ದಿನ, ಅದು ತಪ್ಪಿದ ಮೇಲೆ ಜುಲೈಯಲ್ಲಿ ಇನ್ನೊಂದು. ಎರಡು ಸಲವೂ ಎಲ್ವಿ ಹೋಗಲಿಲ್ಲ. ಅವಳ ತಂಗಿ ರೇತ್ ಮೂವತ್ತೆರಡು ವರ್ಷದ ಹಿಂದೆ ಇಂಥದೇ ಗಂಟು ಇಟ್ಟುಕೊಂಡು ಅದೇ ಹಡಗು ಹತ್ತಿದ್ದಳು. ಮರಳಿ ಬಂದದ್ದು ಪೆಟ್ಟಿಗೆಯಲ್ಲಿ.

ಲೈಬ್ರರಿಯಿಂದ ಸೈಕಲ್ ತಳ್ಳಿಕೊಂಡೇ ಅವಳು ಮನೆಗೆ ಬಂದಳು. ಪಕ್ಕದ ಮನೆಯ ಅರ್ವೊ ಬೇಲಿಯ ಮೇಲೆ ಬಲೆ ಒಣಗಿಸುತ್ತಿದ್ದ. ಎಂಬತ್ತೊಂದು ವರ್ಷದ ಮುದುಕ, ಊರಿನ ದೋಣಿಗಳ ಎಂಜಿನ್ ರಿಪೇರಿ ಮಾಡುತ್ತ ಮಾಡುತ್ತ ಊರವರ ಕಾಲೆಳೆಯುವುದನ್ನೂ ಕಲಿತಿದ್ದವನು. ಮುಖ ಯಾಕೆ ಹಿಟ್ಟಿನ ಹಾಗಿದೆ ಎಂದು ಕೇಳಿದ. ಅವಳು ಗಂಟಿನ ಮಾತು ಬಿಟ್ಟು ಉಳಿದದ್ದು ಹೇಳಿದಳು.

"ಹನ್ನೊಂದು ಸಲ ನೋಡಿದಾನೆ ಅಂದ್ರೆ ಯಾರೋ ಹೆಂಡ್ತಿ ಸತ್ತೋನೇ ಇರ್ಬೇಕು ಬಿಡು," ಎಂದ ಅರ್ವೊ. "ಹೆಣ್ಣು ಕೇಳೋಕ್ ಬರೋ ಮುಂಚೆ ಮಂಡಿ ಗಟ್ಟಿ ಇದೆಯಾ ಅಂತ ವಿಚಾರಿಸ್ಕೊತಿದಾನೆ."

ಎಲ್ವಿ ನಗಲಿಲ್ಲ. ಅರ್ವೊ ಅವಳ ಮುಖ ನೋಡಿ ಬಲೆಯ ಕಡೆ ತಿರುಗಿದ. ಅವನಿಗೂ ಗೊತ್ತಿತ್ತು. ನಲವತ್ತೊಂಬತ್ತರ ಮಾರ್ಚಿಯಲ್ಲಿ ಅವನಿಗೆ ಆರು ವರ್ಷ, ಅವಳಿಗೆ ಮೂರು. ದ್ವೀಪದ ಮನೆಮನೆಗೂ ಆಗಿನ ಸರ್ಕಾರದ ಲಾರಿ ಬಂದು, ಪಟ್ಟಿಯಲ್ಲಿ ಹೆಸರಿದ್ದವರನ್ನು ಹತ್ತಿಸಿಕೊಂಡು ಸೈಬೀರಿಯಾಕ್ಕೆ ಸಾಗಿಸಿತ್ತು. ಎಲ್ವಿಯ ಸೋದರತ್ತೆ, ಮಾವ, ಅವರ ನಾಲ್ಕು ಮಕ್ಕಳು ಹೋದರು. ಬಂದದ್ದು ಇಬ್ಬರು. ಆ ಪಟ್ಟಿ ಆಕಾಶದಿಂದ ಉದುರಿರಲಿಲ್ಲ. ಗ್ರಾಮದ ಕಚೇರಿಯ ಪುಸ್ತಕದಿಂದ ಯಾರೋ ಕೂತು, ಶಾಯಿಯಲ್ಲಿ, ಒಂದೊಂದೇ ಹೆಸರು ಬರೆದುಕೊಂಡು ಹೋಗಿದ್ದರು. ಮೊದಲು ಯಾರೋ ಹೆಸರು ನೋಡುತ್ತಾರೆ, ಆಮೇಲೆ ಬಾಗಿಲು ತಟ್ಟುತ್ತಾರೆ. ಇದು ಅಮ್ಮನ ಲಂಗದ ಅಂಚಿನ ಜೊತೆ ಎಲ್ವಿಯ ಮೈಗೆ ಅಂಟಿದ್ದ ಭಯ.

ನಾಲ್ಕು ದಿನ ಅವಳಿಗೆ ಊಟ ಸೇರಲಿಲ್ಲ. ಆಲೂಗಡ್ಡೆ ಬೇಯಿಸಿ ಹಾಗೇ ಆರಲು ಬಿಡುತ್ತಿದ್ದಳು. ಟಪಾಲಿನ ಗಾಡಿಯ ಸದ್ದಿಗೂ ಎದ್ದು ಪರದೆಯ ಸಂದಿನಿಂದ ನೋಡುತ್ತಿದ್ದಳು. ಒಂದು ಹೊತ್ತು ತನ್ನನ್ನು ವೃದ್ಧಾಶ್ರಮಕ್ಕೆ ಹಾಕಲು ಯಾರೋ ಲೆಕ್ಕ ಹಾಕುತ್ತಿದ್ದಾರೆ ಎನ್ನಿಸುವುದು. ಇನ್ನೊಂದು ಹೊತ್ತು, ಗಂಟಿನ ವಿಷಯ ಯಾರಿಗೋ ತಿಳಿದಿದೆ, ಎಳೆದುಕೊಂಡು ಹೋಗಿ ಹಡಗು ಹತ್ತಿಸುತ್ತಾರೆ ಎನ್ನಿಸುವುದು. ಶನಿವಾರ ಕೈಡಿ ಫೋನು ಮಾಡಿದಾಗ ಎಲ್ವಿ ಎತ್ತಲೇ ಇಲ್ಲ. ಕೈಡಿ ಎಂದರೆ ತಂಗಿ ರೇತ್‌ಳ ಮಗಳು. ಹನ್ನೆರಡು ವರ್ಷಕ್ಕೆ ತಾಯಿ ಹೋದ ಮೇಲೆ ಅವಳನ್ನು ಸಾಕಿ, ಓದಿಸಿ, ಮದುವೆ ಮಾಡಿದವಳು ಎಲ್ವಿ. ಸ್ವಂತಕ್ಕೆ ಮಕ್ಕಳಿರಲಿಲ್ಲ. ಕೈಡಿಗೆ ಈಗ ನಲವತ್ತನಾಲ್ಕು, ಇಬ್ಬರು ಹೆಣ್ಣುಮಕ್ಕಳು, ಗಂಡ ಬಿಟ್ಟು ಫಿನ್‌ಲ್ಯಾಂಡಿಗೆ ಹೋಗಿ ಆರು ವರ್ಷ. ಪಟ್ಟಣದ ಆರೋಗ್ಯ ಕೇಂದ್ರದ ನೋಂದಣಿ ಮೇಜಿನಲ್ಲಿ ಹದಿನಾರು ವರ್ಷದಿಂದ ಕೂತಿದ್ದಾಳೆ.

ಈ ಕೊನೆಯ ಮಾತು ಎಲ್ವಿಗೆ ಗೊತ್ತಿಲ್ಲದ್ದೇನಲ್ಲ. ಆದರೆ ಭಯದಲ್ಲಿದ್ದವರಿಗೆ ಕಳ್ಳ ಯಾವತ್ತೂ ಹೊರಗಿನವನೇ.

ಮಂಗಳವಾರ ಲೈಬ್ರರಿ ತೆಗೆಯುವ ಮೊದಲೇ ಅವಳು ಮೆಟ್ಟಿಲ ಮೇಲೆ ನಿಂತಿದ್ದಳು. ಆ ಪುಟದ ಕೆಳಗೆ 'ಯಾರು, ಯಾಕೆ ನೋಡಿದರೆಂದು ಕೇಳಿ' ಎಂಬ ಒಂದು ಗುಂಡಿ ಇತ್ತು. ಮಾಲ್ಲೆ ವಿವರಿಸಿದಳು. ಕೇಳುವುದು ನಿಮ್ಮ ಹಕ್ಕು, ಮೂವತ್ತು ದಿನದೊಳಗೆ ಅವರು ಉತ್ತರ ಕೊಡಲೇಬೇಕು, ತಪ್ಪಾಗಿ ನೋಡಿದ್ದರೆ ವಿಷಯ ರಾಜಧಾನಿಯ ತನಿಖಾ ಕಚೇರಿಗೂ ಹೋಗುತ್ತದೆ. ಎಲ್ವಿ ಪ್ರಶ್ನೆ ಬರೆದಳು. ಕಳಿಸುವುದಕ್ಕೆ ಸಹಿ ಬೇಕಿತ್ತು. ಸಹಿಗೆ ಬೇರೆ ಐದು ಅಂಕಿ. ಮಾಲ್ಲೆ ಹೂಕುಂಡದ ಕಡೆ ತಿರುಗಿದಳು. ಎಲ್ವಿ ಒತ್ತಿದಳು. ತೆರೆಯ ಮೇಲೆ ಹಸಿರು ಗುರುತು ಬಂತು. ಹೊರಡುವಾಗ ಮಾಲ್ಲೆ ಆ ಹನ್ನೊಂದು ತಾರೀಕುಗಳನ್ನು ಒಂದು ಹಾಳೆಯಲ್ಲಿ ಅಚ್ಚು ಹಾಕಿ ಕೊಟ್ಟಳು.

ಒಂದು ವಾರ ಆ ಹಾಳೆ ಸಕ್ಕರೆ ಡಬ್ಬಿಯ ಕೆಳಗೇ ಇತ್ತು. ಬುಧವಾರ ಮಳೆ. ಹೊರಗೆ ಕೆಲಸವಿಲ್ಲದೆ ಎಲ್ವಿ ಹಾಳೆ ತೆಗೆದು, ಒಲೆಯ ಪಕ್ಕದ ಗೋಡೆಯಲ್ಲಿ ತೂಗುವ ಕ್ಯಾಲೆಂಡರನ್ನೂ ಇಳಿಸಿಕೊಂಡು ಕೂತಳು. ಅವಳಿಗೆ ಕಾರ್ಖಾನೆಯ ಕಾಲದಿಂದ ಒಂದು ರೂಢಿ. ದಿನದ ಚೌಕದಲ್ಲಿ ಗಾಳಿ ಯಾವ ದಿಕ್ಕು, ಕೋಳಿ ಎಷ್ಟು ಮೊಟ್ಟೆ ಇಟ್ಟಿತು, ಯಾರು ಬಂದರು ಎಂದು ಪೆನ್ಸಿಲಿನಲ್ಲಿ ಬರೆಯುವುದು. ಆ ದಿನಗಳಲ್ಲಿ ಊರಿಗೆ ಯಾರಾದರೂ ಹೊಸಬರು ಬಂದಿದ್ದರೆ ಗೊತ್ತಾದೀತು ಎಂಬುದು ಅವಳ ಎಣಿಕೆ.

ಏಪ್ರಿಲ್ ಒಂಬತ್ತು, ಮಧ್ಯಾಹ್ನ ಎರಡು ಹತ್ತು. ಅದು ಅವಳು ಡಾಕ್ಟರ ಕೋಣೆಯಿಂದ ಹೊರಗೆ ಬಂದ ಹೊತ್ತು. ಮೇ ಹದಿನಾಲ್ಕು, ಸಂಜೆ ನಾಲ್ಕೂವರೆ. ಚಿತ್ರ ತೆಗೆಸಲು ಹೋಗಬೇಕಾಗಿದ್ದ ದಿನ. ಕ್ಯಾಲೆಂಡರಿನಲ್ಲಿ ಮೇ ಹದಿನೆಂಟರ ಚೌಕ: 'ಪಶ್ಚಿಮ ಗಾಳಿ, ಮೊಟ್ಟೆ ಐದು, ಕೈಡಿ ಬಂದಳು, ಏಲಕ್ಕಿ ಬನ್ನು ತಂದಳು.' ಜುಲೈ ಎರಡು, ಎರಡನೇ ಸಲ ಹೋಗದಿದ್ದ ದಿನ. ಜುಲೈ ಆರು: 'ಸೆಕೆ, ಮೊಟ್ಟೆ ನಾಲ್ಕು, ಕೈಡಿ ಬಂದಳು, ಮಕ್ಕಳೂ. ಹಡಗಿನ ಮಾತು ತೆಗೆದಳು.' ಹಾಳೆಯ ಒಂದೊಂದು ತಾರೀಕಿಗೂ ಎರಡು ದಿನ, ಮೂರು ದಿನ ಬಿಟ್ಟು ಚೌಕದಲ್ಲಿ ಕೈಡಿ ಇದ್ದಳು. ಯಾವಾಗಲೂ ಏನಾದರೂ ಹಿಡಿದುಕೊಂಡು ಬಂದಿದ್ದಳು, ಕೂತಿದ್ದಳು, ಬಾಯಿ ತೆರೆದು ಮುಚ್ಚಿದ್ದಳು. ಆ ಜುಲೈ ಶನಿವಾರ, ದೊಡ್ಡಮ್ಮ ನಿನಗೆ ಹಡಗಿನಲ್ಲಿ ಎಲ್ಲಾದರೂ ಹೋಗುವುದಿತ್ತಾ ಎಂದು ಕೇಳಿದ್ದಳು. ಎಲ್ವಿ ಇಲ್ಲ ಎಂದು ಕೆಂಪು ಹಣ್ಣಿನ ಜಾಮು ಬಡಿಸಿದ್ದಳು.

ಹಾಳೆಯನ್ನೂ ಕ್ಯಾಲೆಂಡರನ್ನೂ ಮೇಜಿನ ಮೇಲೆ ಹಾಗೇ ಬಿಟ್ಟು ಅವಳು ಎದ್ದಳು.

ಮಳೆಯಲ್ಲೇ ಸೈಕಲ್ ಹತ್ತಿ ಮಾಲ್ಲೆಯ ಮನೆಗೆ ಹೋದಳು. ಮಾಲ್ಲೆ ಶೆಡ್ಡಿನಲ್ಲಿ ಈರುಳ್ಳಿ ಜಡೆ ಹೆಣೆಯುತ್ತಿದ್ದಳು. ಕಳಿಸಿದ್ದನ್ನು ವಾಪಸು ತೆಗೆದುಕೊಡು ಎಂದು ಎಲ್ವಿ ಬಾಗಿಲಲ್ಲೇ ನಿಂತು ಕೇಳಿದಳು. ಅವಳ ತಲೆಯ ಬಟ್ಟೆಯಿಂದ ನೀರು ಸೋರುತ್ತಿತ್ತು.

"ಅದು ಹೋಗಾಯ್ತು ಎಲ್ವಕ್ಕ," ಎಂದಳು ಮಾಲ್ಲೆ. "ಟಪಾಲು ಡಬ್ಬಿ ಆಗಿದ್ರೆ ಕೈ ಹಾಕಿ ತೆಗೀಬಹುದಿತ್ತು. ನಿಮ್ಮ ಸಹಿ ಬಿದ್ದಿದೆ. ನೀವು ಬೇಡ ಅಂದ್ರೂ ನೋಡಿದ್ದು ನೋಡಿದ್ದೇ ಅಲ್ವಾ."

ಆದರೂ ಇಬ್ಬರೂ ಲೈಬ್ರರಿಗೆ ಹೋಗಿ, ಬೀಗ ತೆಗೆದು, ದೂರು ಹಿಂದಕ್ಕೆ ಪಡೆಯುತ್ತೇನೆ ಎಂದು ಬರೆದರು. ಮಾರನೇ ದಿನವೇ ಉತ್ತರ ಬಂತು. ಬಹಳ ಮರ್ಯಾದೆಯ ಉತ್ತರ. ಪ್ರಶ್ನೆ ಹಿಂದಕ್ಕೆ ಪಡೆದರೂ ತನಿಖೆ ನಿಲ್ಲುವುದಿಲ್ಲ ಎಂದಿತ್ತು.

ಶನಿವಾರ ಕೈಡಿ ಬಂದಳು. ಕೈಯಲ್ಲಿ ಏನೂ ಇರಲಿಲ್ಲ. ಕೋಟು ಬಿಚ್ಚದೆ ಬೆಂಚಿನ ತುದಿಯಲ್ಲಿ ಕೂತಳು. ಎಲ್ವಿ ಕಾಫಿ ಬಗ್ಗಿಸಿದ್ದು ಬಗ್ಗಿಸಿದ ಹಾಗೇ ಆರಿತು. ಗುರುವಾರ ಅವಳನ್ನು ಕರೆದು, ಕಂಪ್ಯೂಟರಿನ ಕೀಲಿ ಕಾರ್ಡು ಇಸಿದುಕೊಂಡು, ವಿಚಾರಣೆ ಮುಗಿಯುವ ತನಕ ಮನೆಯಲ್ಲಿರು ಎಂದು ಕಳಿಸಿದ್ದರು. ತಪ್ಪು ಎಂದು ಗಟ್ಟಿಯಾದರೆ ಕೆಲಸ ಹೋಗುತ್ತದೆ. ದ್ವೀಪದಲ್ಲಿ ಅಂಥ ಮೇಜು ಇರುವುದು ಅದೊಂದೇ. ಕೈಡಿ ಇದನ್ನೆಲ್ಲ ಕಿಟಕಿಗೆ ಹೇಳುವಂತೆ ಹೇಳಿದಳು.

"ನಾನು ಅಂತ ಗೊತ್ತಿತ್ತಾ ನಿಂಗೆ, ದೊಡ್ಡಮ್ಮ?"

"ಇಲ್ಲ ಮಗಾ."

"ಗೊತ್ತಿದ್ದಿದ್ರೆ?"

"ಕಳಿಸ್ತಿರ್ಲಿಲ್ಲ."

ಕೈಡಿ ಕಿಟಕಿ ಬಿಟ್ಟು ದೊಡ್ಡಮ್ಮನ ಕಡೆ ತಿರುಗಿದಳು. ಆಮೇಲೆ ಹೇಳಿದಳು, "ಅವತ್ತು ನೀನು ಡಾಕ್ಟರ ಕೋಣೆಯಿಂದ ಹೊರಗೆ ಬಂದು ನನ್ನ ಮೇಜಿನ ಮುಂದೇನೇ ಹಾದು ಹೋದೆ. ನಾನಿದೀನಿ ಅನ್ನೋದೂ ನಿಂಗೆ ಕಾಣ್ಲಿಲ್ಲ. ಅಮ್ಮನ ಮುಖ ಆ ವರ್ಷ ಹಾಗೇ ಇತ್ತು. ನಂಗೆ ಹನ್ನೆರಡು ವರ್ಷ ಆಗಿದ್ರೂ ನೆನಪಿದೆ. ಯಾರೂ ನಂಗೆ ಏನೂ ಹೇಳ್ಲಿಲ್ಲ ಆಗ. ನೀನೂ ಹೇಳ್ಲಿಲ್ಲ."

"ಕೇಳಬಹುದಿತ್ತಲ್ಲ ನನ್ನ."

"ಕೇಳಿದ್ರೆ ಹೇಗೆ ಗೊತ್ತಾಯ್ತು ಅಂತಿದ್ದೆ. ಸುತ್ತಿ ಬಳಸಿ ಕೇಳ್ದೆ. ಜಾಮು ಬಡಿಸ್ದೆ ನೀನು."

ಕೈಡಿ ಎದ್ದು, ಅಡುಗೆಮನೆಯ ಬಾಗಿಲಲ್ಲಿ ಒಂದು ಗಳಿಗೆ ನಿಂತು, ಮಕ್ಕಳನ್ನು ಈಜಿನ ಪಾಠದಿಂದ ಕರೆತರಬೇಕು ಎಂದು ಹೇಳಿ ಹೋದಳು. ಕಾರು ತಿರುವು ದಾಟುವವರೆಗೂ ಎಲ್ವಿ ನೋಡಿದಳು. ಕೈ ಬೀಸಲು ಎತ್ತಿದವಳು ಇಳಿಸಿದಳು.

ಊರಿಗೆ ಸುದ್ದಿ ಹರಡುವುದಕ್ಕೆ ಕಂಪ್ಯೂಟರ್ ಬೇಕಿಲ್ಲ. ಭಾನುವಾರ ಅರ್ವೊ ಹೊಗೆಯಲ್ಲಿ ಬೇಯಿಸಿದ ನಾಲ್ಕು ಚಪ್ಪಟೆ ಮೀನು ಕಾಗದದಲ್ಲಿ ಸುತ್ತಿಕೊಂಡು ಬಂದ. ಬರುವಾಗ ಮಾಲ್ಲೆಯನ್ನೂ ಕರೆದುಕೊಂಡು ಬಂದಿದ್ದ. ಅವನ ಬಳಿ ಒಂದು ಉಪಾಯವಿತ್ತು. ಏಪ್ರಿಲ್ ತಿಂಗಳಲ್ಲೇ ನಾನು ಕೈಡಿಗೆ ನನ್ನ ಕಡತ ನೋಡು ಅಂತ ಒಪ್ಪಿಗೆ ಕೊಟ್ಟಿದ್ದೆ ಎಂದು ಎಲ್ವಿ ಬರೆದುಕೊಟ್ಟರೆ ಮುಗಿಯಿತಲ್ಲ. ಮುದುಕಿ, ಮರೆತು ದೂರು ಕೊಟ್ಟಳು ಎಂದಾಗುತ್ತದೆ. ಮುದುಕಿ ಮರೆತಳು ಎಂದರೆ ನಂಬದವರು ಯಾರು.

ಎಲ್ವಿಯ ಕಣ್ಣಿಗೆ ಬೆಳಕು ಬಂತು. ಅವಳಿಗೆ ಮೇಟಾ ನೆನಪಾದಳು. ಗ್ರಾಮದ ಕಚೇರಿಯ ಗುಮಾಸ್ತೆ ಮೇಟಾ, ಒಂದು ಕಾಲು ಕುಂಟು, ಯಾವಾಗಲೂ ಬಾಯಲ್ಲಿ ಸೀಮೆಜೀರಿಗೆ. ನಲವತ್ತೊಂಬತ್ತರಲ್ಲಿ ಎಲ್ವಿಯ ಅಮ್ಮನ ಹೆಸರೂ ಪಟ್ಟಿಯಲ್ಲಿ ಬರಲಿದೆ ಎಂದು ತಿಳಿದ ಸಂಜೆ, ಮೇಟಾ ಒಂದು ಕಾಗದ ತೆಗೆದು, ಈ ಹೆಂಗಸು ಫೆಬ್ರವರಿಯಲ್ಲೇ ಸಾಮೂಹಿಕ ಬೇಸಾಯಕ್ಕೆ ಹೊಲ ಒಪ್ಪಿಸಿದ್ದಾಳೆ ಎಂದು ಬರೆದು, ಫೆಬ್ರವರಿಯ ತಾರೀಕು ಹಾಕಿ, ಮೊಹರು ಒತ್ತಿಬಿಟ್ಟಳು. ಆಗ ಮಾರ್ಚಿ ಅರ್ಧ ಕಳೆದಿತ್ತು. ಮೊದಲೇ ಹೊಲ ಒಪ್ಪಿಸಿದವರನ್ನು ಲಾರಿ ಬಿಟ್ಟುಹೋಗುತ್ತಿತ್ತು. ಆ ಸುಳ್ಳು ತಾರೀಕಿನಿಂದ ಅಮ್ಮ ಉಳಿದಳು, ಎಲ್ವಿ ಉಳಿದಳು, ರೇತ್ ಹುಟ್ಟಿದಳು, ಕೈಡಿ ಹುಟ್ಟಿದಳು. ಇದನ್ನು ಎಲ್ವಿ ಮೇಜಿನ ಅಂಚು ಹಿಡಿದುಕೊಂಡು ಹೇಳಿದಳು. ಅರ್ವೊ ತಲೆದೂಗಿದ. ಅವನ ಮನೆಯವರೂ ಮೇಟಾಳ ಇನ್ನೊಂದು ಕಾಗದದಿಂದ ಉಳಿದವರೇ.

ಮಾಲ್ಲೆ ಮೀನಿನ ಮುಳ್ಳು ಬಿಡಿಸುವುದನ್ನು ನಿಲ್ಲಿಸಿದಳು. "ಅಕ್ಕ, ಒಪ್ಪಿಗೆ ಕೊಡೋದೂ ಆ ಪುಟದಲ್ಲೇ. ಏಪ್ರಿಲಲ್ಲಿ ಕೊಟ್ಟಿದ್ರೆ ಅಲ್ಲಿ ಇರ್ತಿತ್ತು. ಇಲ್ಲ. ನೀವು ಈಗ ಬರೆದ್ರೆ ಈಗಿನ ನಿಮಿಷಾನೇ ಬೀಳತ್ತೆ. ನಾನು ಹೇಳಿದ್ರೂ ಹಿಂದಕ್ಕೆ ಹೋಗಲ್ಲ, ಮಂತ್ರಿ ಹೇಳಿದ್ರೂ ಹೋಗಲ್ಲ."

"ಮೇಟಾ ಇದ್ದಿದ್ರೆ ಏನಾದ್ರೂ ಮಾಡಿರೋಳು," ಎಂದ ಅರ್ವೊ.

"ಮೇಟಾಳ ಪುಸ್ತಕದಿಂದಾನೇ ಅಲ್ವಾ ಮಾವ, ಇನ್ನೊಬ್ಬ ಬಂದು ಪಟ್ಟಿ ಬರ್ಕೊಂಡು ಹೋದದ್ದು? ಅವನು ಯಾರು ಅಂತ ಇವತ್ತಿಗೂ ನಿಮಗೆ ಗೊತ್ತಿದೆಯಾ?"

ಅರ್ವೊ ಮೀನು ಸುತ್ತಿ ತಂದ ಕಾಗದ ಮಡಿಸತೊಡಗಿದ. ಎಲ್ವಿ ಇಬ್ಬರ ಮುಖವನ್ನೂ ನೋಡಿದಳು. ಇಬ್ಬರು ಹೇಳಿದ್ದೂ ಸರಿ ಎನ್ನಿಸಿತು. ಅದರಿಂದ ಕೈಡಿಗೆ ಏನೂ ಉಪಯೋಗವಾಗಲಿಲ್ಲ.

ಅಕ್ಟೋಬರ್ ಹತ್ತಕ್ಕೆ ಆರೋಗ್ಯ ಕೇಂದ್ರದಲ್ಲಿ ವಿಚಾರಣೆ. ಎಲ್ವಿ ಚರ್ಚಿಗೆ ಹೋಗುವ ಕಪ್ಪು ಕೋಟು ಹಾಕಿಕೊಂಡು ಬಸ್ಸಿಗೆ ಹೋದಳು. ಕೋಣೆಯಲ್ಲಿ ಕೇಂದ್ರದ ಮುಖ್ಯಸ್ಥರು, ರಾಜಧಾನಿಯಿಂದ ಬಂದ ಪಿರೆತ್ ಎಂಬ ತನಿಖಾಧಿಕಾರಿ, ಮೇಜಿನ ಆ ತುದಿಗೆ ಕೈಡಿ. ಪಿರೆತ್ ಮೂವತ್ತೈದು ದಾಟದ ಹುಡುಗಿ, ಮೆತ್ತಗೆ ಮಾತಾಡುತ್ತಿದ್ದಳು. ಅದೇ ಎಲ್ವಿಗೆ ಹೆಚ್ಚು ದಿಗಿಲು. ಗದರುವವರ ಮುಂದೆ ಹೇಗಿರಬೇಕು ಎಂದು ಅವಳಿಗೆ ಕಾರ್ಖಾನೆ ಕಲಿಸಿತ್ತು. ಕೈಡಿಯನ್ನು ಒಂದೊಂದು ತಾರೀಕಿಗೂ ಕೇಳಿದರು. ಅವತ್ತು ನಿಮ್ಮ ಕೆಲಸಕ್ಕೆ ಆ ಕಡತ ಬೇಕಿತ್ತೇ? ಇಲ್ಲ. ಹನ್ನೊಂದು ಸಲವೂ ಅವಳು ಇಲ್ಲ ಎಂದಳು. ಕುತ್ತಿಗೆಯಲ್ಲಿ ಕೆಂಪು ಏರುತ್ತ ಹೋಯಿತು. ಚಿಕ್ಕವಳಿದ್ದಾಗ ಸುಳ್ಳು ಹೇಳಲು ಬಾರದೆ ಹೀಗೇ ಕೆಂಪಾಗುತ್ತಿದ್ದಳು.

ಆಮೇಲೆ ಎಲ್ವಿಯ ಸರದಿ. ಅವಳು ಬಸ್ಸಿನಲ್ಲಿ ಬಾಯಿಪಾಠ ಮಾಡಿಕೊಂಡದ್ದೆಲ್ಲ ಮರೆತುಹೋಗಿತ್ತು.

"ಸಾಕಿದ ಮಗಳು ಇವಳು," ಎಂದಳು. "ನನ್ನ ಕಡತ, ನಾನೇ ಪರವಾಗಿಲ್ಲ ಅಂದ್ರೆ ಸಾಲ್ದಾ ಅಮ್ಮ?"

ಪಿರೆತ್ ಬರೆಯುವುದನ್ನು ಬಿಟ್ಟು ಅವಳ ಕಡೆ ತಿರುಗಿದಳು. "ಇದೇ ಮಾತು ನಾಳೆ ಹೆಂಡ್ತಿ ತಪ್ಪಿಸ್ಕೊಂಡು ಹೋದ ಗಂಡನೂ ಹೇಳ್ತಾನೆ ಅಜ್ಜಿ. ಹೆಂಡ್ತಿ ಎಲ್ಲಿ ಮನೆ ಮಾಡಿದಾಳೆ ಅಂತ ತೆಗೆದು ನೋಡ್ತಾನೆ, ಕಾಳಜಿಯಿಂದ ನೋಡ್ದೆ ಅಂತಾನೆ. ಆಗ ನಾನು ಯಾವುದು ಕಾಳಜಿ ಅಂತ ಹೇಗೆ ತೂಗಲಿ? ಒಂದು ಮಾತು ಹೇಳಿ. ಆ ಹನ್ನೊಂದು ಸಾಲು ನೋಡಿದಾಗ ನಿಮಗೆ ಏನನ್ನಿಸ್ತು?"

ಕೈಡಿ ಮೊದಲ ಸಲ ತಲೆ ಎತ್ತಿದಳು. ಎಲ್ವಿಗೆ ಗೊತ್ತಾಯಿತು, ಇಲ್ಲಿ ಒಂದು ಸುಳ್ಳು ಹೇಳಿದರೆ ಹುಡುಗಿಗೆ ಸಹಾಯವಾದೀತು. ಏನೂ ಅನ್ನಿಸಲಿಲ್ಲ, ಸುಮ್ಮನೆ ಕೇಳಿದೆ ಎಂದರೆ ಆಯಿತು. ಬಾಯಿ ತೆರೆದಳು. ಪರದೆಯ ಸಂದಿನಿಂದ ಟಪಾಲಿನ ಗಾಡಿ ನೋಡುತ್ತ ನಿಂತ ನಾಲ್ಕು ದಿನ ನೆನಪಾದವು.

"ಹೆದರ್ದೆ," ಎಂದಳು. "ಅನ್ನ ಸೇರ್ಲಿಲ್ಲ. ಯಾರೋ ನನ್ನ ತಗೊಂಡ್ ಹೋಗೋಕ್ ಬರ್ತಾರೆ ಅಂತ ಅನ್ನಿಸ್ತು." ಕೈಡಿಯ ಕಡೆ ತಿರುಗಿ, "ನಿಂಗೆ ಇದು ಗೊತ್ತಾಗ್ಬೇಕು ಮಗಾ. ನೀನು ಅಂತ ತಿಳಿಯೋವರೆಗೂ ಜೀವ ಕೈಯಲ್ಲಿ ಹಿಡ್ಕೊಂಡಿದ್ದೆ," ಎಂದಳು.

ಕೈಡಿ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು. ಪಿರೆತ್ ಬರೆದುಕೊಂಡಳು. ಹೊರಗೆ ಬಂದ ಮೇಲೆ ಕೈಡಿ ಮಾತಾಡಿಸದೆ ಹೋದಳು. ಎಲ್ವಿ ಬಸ್ ನಿಲ್ದಾಣದ ಬೆಂಚಿನ ಮೇಲೆ ಒಂದೂವರೆ ಗಂಟೆ ಕೂತಳು. ತಾನು ಮಾಡಿದ್ದು ಸರಿಯೋ, ಸಾಕಿದ ಮಗಳ ಅನ್ನಕ್ಕೆ ಎರಡನೇ ಸಲ ಮಣ್ಣು ಹಾಕಿದೆನೋ ತಿಳಿಯದೆ ಕೋಟಿನ ಗುಂಡಿ ತಿರುಗಿಸುತ್ತಲೇ ಇದ್ದಳು. ಗುಂಡಿ ಕಿತ್ತು ಕೈಗೆ ಬಂತು.

ತೀರ್ಮಾನ ಬರಲು ಮೂರು ವಾರ ಹಿಡಿಯಿತು. ಆ ಮೂರು ವಾರದಲ್ಲಿ ಕೈಡಿ ಬರಲಿಲ್ಲ, ಫೋನೂ ಮಾಡಲಿಲ್ಲ. ಕ್ಯಾಲೆಂಡರಿನ ಚೌಕಗಳಲ್ಲಿ ಗಾಳಿ, ಮೊಟ್ಟೆ ಮಾತ್ರ. ಕೋಳಿಗಳು ಚಳಿಗೆ ಮೊಟ್ಟೆ ಇಡುವುದನ್ನೂ ಕಡಿಮೆ ಮಾಡಿದ್ದವು. ಎದೆಯ ಗಂಟನ್ನು ಎಲ್ವಿ ದಿನವೂ ಬೆಳಿಗ್ಗೆ ಅಂಗಿ ಹಾಕುವ ಮುಂಚೆ ಮುಟ್ಟಿ ನೋಡುತ್ತಿದ್ದಳು. ಬಟಾಣಿಯಷ್ಟೇ ಇದೆ ಎನ್ನಿಸುವುದು. ಮರುದಿನ ಅದಕ್ಕಿಂತ ದೊಡ್ಡದು ಎನ್ನಿಸುವುದು. ಬೆರಳಿಗೆ ನೆನಪಿನ ಶಕ್ತಿ ಇಲ್ಲ.

ಅಕ್ಟೋಬರ್ ಮೂವತ್ತೊಂದಕ್ಕೆ ತೀರ್ಮಾನ ಎಲ್ವಿಯ ಪುಟಕ್ಕೂ ಬಂತು. ಮಾಲ್ಲೆ ಗಟ್ಟಿಯಾಗಿ ಓದಿದಳು. ಕೈಡಿಗೆ ದಂಡ. ನೋಂದಣಿಯ ಮೇಜು ಹೋಯಿತು, ಕಡತಗಳ ಕೀಲಿ ಇನ್ನು ಯಾವತ್ತೂ ಸಿಗುವುದಿಲ್ಲ. ಆದರೆ ಅವಳು ಏನನ್ನೂ ಮುಚ್ಚಿಡಲಿಲ್ಲ, ಯಾರಿಗೂ ಸುದ್ದಿ ದಾಟಿಸಲಿಲ್ಲ ಎಂಬ ಕಾರಣಕ್ಕೆ ಕೇಂದ್ರ ಅವಳನ್ನು ಪೂರ್ತಿ ತೆಗೆದುಹಾಕಲಿಲ್ಲ. ಉಪಕರಣಗಳನ್ನು ಬಿಸಿನೀರಿನ ಆವಿಯಲ್ಲಿ ತೊಳೆಯುವ ಕೋಣೆಗೆ ಹಾಕಿದರು. ಹದಿನಾರು ವರ್ಷ ಇಡೀ ದ್ವೀಪ ಹೆಸರು ಹಿಡಿದು ಮಾತಾಡಿಸಿಕೊಂಡು ಹೋಗುತ್ತಿದ್ದವಳು ಈಗ ನೆಲಮಾಳಿಗೆಯಲ್ಲಿ, ಕಿಟಕಿಯಿಲ್ಲದ ಕಡೆ. ಸಂಬಳವೂ ಕಡಿಮೆ. ಮಾಲ್ಲೆ ಓದಿ ಮುಗಿಸಿ, ಇದಕ್ಕಿಂತ ಕೆಟ್ಟದಾಗಬಹುದಿತ್ತು ಎಂದಳು. ಎಲ್ವಿ ಹೂಂ ಎಂದಳು. ಆಮೇಲೆ, ಕಾರ್ಡು ಇನ್ನೂ ಒಳಗೇ ಇದೆಯಲ್ಲ, ದೊಡ್ಡೂರಿನ ಆಸ್ಪತ್ರೆಯಲ್ಲಿ ಚಿತ್ರ ತೆಗೆಸುವುದಕ್ಕೆ ಯಾವ ದಿನ ಖಾಲಿ ಇದೆ ತೋರಿಸು ಎಂದಳು. ಮಾಲ್ಲೆ ಒಂದೂ ಪ್ರಶ್ನೆ ಕೇಳಲಿಲ್ಲ. ಪುಟ ತೆಗೆದುಕೊಟ್ಟು ಎದ್ದು ಹೋದಳು. ನವೆಂಬರ್ ಹದಿನೆಂಟು, ಹನ್ನೊಂದು ನಲವತ್ತು. ಎಲ್ವಿ ಒತ್ತುವ ಮುಂಚೆ ಎರಡು ಸಲ ಕೈ ಹಿಂದಕ್ಕೆ ತೆಗೆದಳು.

ಸಂಜೆ ಕೈಡಿಗೆ ಫೋನು ಮಾಡಿದಳು. ಎಂಟು ಸಲ ರಿಂಗಾದ ಮೇಲೆ ಎತ್ತಿದಳು.

"ಹದಿನೆಂಟಕ್ಕೆ ಹಡಗು ಹತ್ತಬೇಕು ನಾನು. ಬರ್ತೀಯಾ ಜೊತೆಗೆ?"

ಆ ಕಡೆ ಬಾಗಿಲು ಮುಚ್ಚಿದ ಸದ್ದು. ಆಮೇಲೆ ಕೈಡಿ ಕೇಳಿದಳು, "ಯಾಕೆ ಹೋಗ್ಬೇಕು ದೊಡ್ಡಮ್ಮ?"

"ಬಾ. ಹೇಳ್ತೀನಿ."

ಹದಿನೆಂಟರ ಬೆಳಿಗ್ಗೆ ಸಮುದ್ರ ಬೂದಿ ಬಣ್ಣಕ್ಕಿತ್ತು, ಅಲೆ ಜೋರಾಗಿತ್ತು. ಹಡಗಿನ ಊಟದ ಕೋಣೆಯಲ್ಲಿ ಲಾರಿಯವರು ಬಟಾಣಿ ಸಾರು ಕುಡಿಯುತ್ತಿದ್ದರು. ಇಬ್ಬರೂ ಕಿಟಕಿಯ ಪಕ್ಕ ಎದುರುಬದುರು ಕೂತರು. ಆವಿಯ ಕೆಲಸಕ್ಕೆ ಕೈಡಿಯ ಬೆರಳ ತುದಿಗಳು ಕೆಂಪಾಗಿ ಸುಲಿದಿದ್ದವು. ಎಲ್ವಿ ಅವನ್ನು ನೋಡಿದಳು. ಕೈಡಿ ಕೈಗಳನ್ನು ಮೇಜಿನ ಕೆಳಗೆ ಇಳಿಸಿಕೊಂಡಳು. ಅವಳ ಮುಖದಲ್ಲಿ ಕೋಪ ಪೂರ್ತಿ ಇಳಿದಿರಲಿಲ್ಲ. ದ್ವೀಪ ಹಿಂದೆ ಸರಿದು ಗೆರೆಯಷ್ಟಾದ ಮೇಲೆ ಎಲ್ವಿ ಶುರು ಮಾಡಿದಳು.

ಮಾರ್ಚಿ ಕೊನೆಯಲ್ಲಿ ಆವಿ ಸ್ನಾನದ ಕೋಣೆ ಸೌನಾದಲ್ಲಿ ಮೈ ತೊಳೆಯುವಾಗ ಗಂಟು ಕೈಗೆ ಸಿಕ್ಕಿದ್ದು, ಮೂರು ದಿನ ಅದು ಅಲ್ಲಿಲ್ಲ ಎಂದುಕೊಂಡು ಓಡಾಡಿದ್ದು, ಡಾಕ್ಟರ ತಣ್ಣಗಿನ ಬೆರಳು, ಗೊತ್ತು ಮಾಡಿದ ಎರಡು ದಿನ, ಮೊದಲ ದಿನ ಚೀಲ ತುಂಬಿ ಬಸ್ ನಿಲ್ದಾಣದವರೆಗೂ ಹೋಗಿ ವಾಪಸು ಬಂದದ್ದು, ಎಲ್ಲ. ರೇತ್‌ಳನ್ನು ಇದೇ ಹಡಗಿಗೆ ಹತ್ತಿಸಿದ ಬೆಳಿಗ್ಗೆ ಅವಳು ನೀಲಿ ಕೈಚೀಲ ಹಿಡಿದಿದ್ದಳು, ಮಗಳಿಗೆ ಏನೂ ಹೇಳಬೇಡ ಅಕ್ಕ ಎಂದಿದ್ದಳು ಎಂಬುದನ್ನೂ ಹೇಳಿದಳು.

ಕೈಡಿಗೆ ಕೊನೆಯದೊಂದು ಬಿಟ್ಟು ಉಳಿದದ್ದು ಬಹಳ ಮಟ್ಟಿಗೆ ಗೊತ್ತಿತ್ತು. ಡಾಕ್ಟರು ಬರೆದ ಅಳತೆ, ದಿನ, ಹೋಗದಿದ್ದ ಗುರುತು, ಎಲ್ಲವನ್ನೂ ಅವಳು ಓದಿದ್ದಳು. ಆದರೂ ಈಗಲೇ ಮೊದಲು ಕೇಳುತ್ತಿರುವವಳಂತೆ ಕೇಳಿದಳು. ನಡುವೆ ಮಾತು ಹಾಕಲಿಲ್ಲ. ಎಡಗಡೆಯಾ, ಬಲಗಡೆಯಾ ಎಂದು ಒಂದು ಸಲ ಮಾತ್ರ ಕೇಳಿದಳು. ಎಲ್ವಿ ಎಡಗಡೆ ಎಂದಳು.

"ನೋಯತ್ತಾ?"

"ಇಲ್ಲ. ಅದಕ್ಕೇ ಭಯ."

ಹಡಗು ಅಲೆಗೆ ವಾಲಿತು, ಕಾಫಿಯ ಲೋಟಗಳ ತಟ್ಟೆಗಳು ಕಿಣಿಗುಟ್ಟಿದವು. ಕೈಡಿ ಒಂದು ಕೈ ಮೇಲೆ ತಂದು ಎಲ್ವಿಯ ಲೋಟ ಜಾರದಂತೆ ಹಿಡಿದುಕೊಂಡಳು. ಹಾಗೇ ಹಿಡಿದುಕೊಂಡು ಗಡಿಯಾರ ನೋಡಿದಳು. ಗಾಳಿಗೆ ಹಡಗು ಇಪ್ಪತ್ತು ನಿಮಿಷ ತಡವಾಗಿತ್ತು. ದಡಕ್ಕೆ ಇಳಿದ ಮೇಲೆ ಬಸ್ಸು ಕಾಯುತ್ತದೋ ಇಲ್ಲವೋ ಎಂದು ಇಬ್ಬರೂ ಲೆಕ್ಕ ಹಾಕತೊಡಗಿದರು.